ಹೊರಗಿನ ಮಳೆ, ಒಳಗಿನ ಮಳೆ

ಆಷಾಢ ಹುಟ್ಟಿತೆಂದರೆ ಬೆಳಗೊಳದ ಸುತ್ತಮುತ್ತ ಮಳೆಗಿಂತ ಗಾಳಿಯದೇ ಕಾರುಬಾರು. ಕನ್ನಂಬಾಡಿ ಹಿನ್ನೀರಿನ ಕಡೆಯಿಂದ ಬೀಸುವ ಪಡುವಣ ಗಾಳಿ ಕಬ್ಬಿನ ಗದ್ದೆಯನ್ನೆಲ್ಲ ಒಂದೇ ಮಗ್ಗುಲಿಗೆ ಬಾಗಿಸಿ, ತೆಂಗಿನ ಗರಿಗಳನ್ನು ಹಿಂದಕ್ಕೆ ಬಾಚಿ, ಒಣಹಾಕಿದ ಬಟ್ಟೆಯನ್ನು ಬೇಲಿ ದಾಟಿಸುತ್ತದೆ. ಆಕಾಶದ ತುಂಬ ಮೋಡವಿದ್ದರೂ ಉದುರುವುದು ನಾಲ್ಕು ಹನಿ. ಕೊಡಗಿನಲ್ಲಿ ಕಾವೇರಿ ಉಕ್ಕಿ ಕಟ್ಟೆ ತುಂಬುತ್ತಿರುವಾಗಲೂ ಕಟ್ಟೆಯ ಕೆಳಗಿನ ಊರುಗಳಿಗೆ ದಕ್ಕುವುದು ಈ ತುಂತುರು ಮತ್ತು ಈ ಗಾಳಿ.

ಅಂಥ ಭಾನುವಾರಗಳ ಬೆಳಗಿನಲ್ಲಿ ಮೈಸೂರಿನ ಕಡೆಯಿಂದ ಕೆ.ಆರ್.ಎಸ್. ರಸ್ತೆ ಹಿಡಿದು ಸಾಗುವ ಸಪೂರ ಟೈರಿನ ಸೈಕಲ್ಲುಗಳು ಕಣ್ಣಿಗೆ ಬೀಳುತ್ತವೆ. ಬೆಳಗೊಳ ದಾಟಿ, ಪಾಂಡವಪುರಕ್ಕೆ ಹೊರಳಿ, ಜಕ್ಕನಹಳ್ಳಿಯ ಮೇಲೆ ಮೇಲುಕೋಟೆಯ ಬೆಟ್ಟ ಹತ್ತಿ ಬರುವವರಿದ್ದಾರೆ. ಇನ್ನೂ ಕಸುವಿದ್ದವರು ನಾಗಮಂಗಲವನ್ನೋ ಕೆ.ಆರ್. ಪೇಟೆಯನ್ನೋ ಸುತ್ತಿ ಬರುತ್ತಾರೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ತಡೆ ಬಿದ್ದ ಮೇಲಂತೂ ಈ ಒಳದಾರಿಗಳ ಬೆಲೆ ಹೆಚ್ಚಿದೆ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಪಾಳಿಗೆ ಹೋಗುವವರ ಬುತ್ತಿ ಹೊತ್ತ ಸೈಕಲ್ಲುಗಳನ್ನು ಕಂಡ ರಸ್ತೆಗೆ ಈಗ ಹವ್ಯಾಸದ ಸವಾರರೂ ರೂಢಿಯಾಗಿದ್ದಾರೆ.

ಈ ಸವಾರರನ್ನು ಮುಂಗಾರಿನ ಹೊತ್ತಿಗೆ ಕಾಡುವ ಪ್ರಶ್ನೆ ಒಂದೇ: ಯಾವ ಜರ್ಕಿನ್ ಕೊಳ್ಳುವುದು? ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ. ಒಂದು ಗಾಳಿಯನ್ನು ಮಾತ್ರ ತಡೆಯುವ ತೆಳು ವಿಂಡ್‌ಚೀಟರ್. ಮಡಿಚಿದರೆ ಮುಷ್ಟಿಯೊಳಗೆ ಅಡಗುತ್ತದೆ, ತೂಕ ನೂರು ಗ್ರಾಮಿನ ಆಸುಪಾಸು. ಇನ್ನೊಂದು ನೀರನ್ನೂ ತಡೆಯುವ ವಾಟರ್‌ಪ್ರೂಫ್ ಜರ್ಕಿನ್. ಬೆಲೆ ಮೊದಲನೆಯದಕ್ಕಿಂತ ಹಲವು ಪಟ್ಟು. ನೀರನ್ನೇ ತಡೆಯುವ ಬಟ್ಟೆ ಗಾಳಿಯನ್ನು ತಡೆಯದೇ ಇದ್ದೀತೆ, ಎರಡೂ ಕೆಲಸ ಮಾಡುವ ಒಂದನ್ನೇ ಕೊಂಡರೆ ಆಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಎಡವುವುದು ಅಲ್ಲೇ.

ಹುಡುಗ ಮತ್ತು ತಾತ

ಬೆಳಗೊಳದ ಒಬ್ಬ ಹುಡುಗನನ್ನು ಕಲ್ಪಿಸಿಕೊಂಡರೆ ಸಾಕು, ಕತೆ ತಾನೇ ಬಿಚ್ಚಿಕೊಳ್ಳುತ್ತದೆ. ಕಾರ್ಖಾನೆಯ ಕೆಲಸ, ಭಾನುವಾರದ ಸೈಕಲ್. ನಾಲ್ಕು ತಿಂಗಳ ಓವರ್‌ಟೈಮ್ ದುಡ್ಡು ಕೂಡಿಟ್ಟು ದುಬಾರಿಯ ವಾಟರ್‌ಪ್ರೂಫ್ ಜರ್ಕಿನ್ ತಂದಿದ್ದಾನೆ. ಆರಿದ್ರಾ ಮಳೆಯ ದಿನ ಮೇಲುಕೋಟೆಗೆ ಹೊರಟಿದ್ದಾನೆ. ಪಾಂಡವಪುರದ ಕಡೆಗೆ ಹೋಗುವಾಗ ಗಾಳಿ ಬೆನ್ನ ಹಿಂದಿನಿಂದ ನೂಕುತ್ತದೆ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋಗುವವನ ಬೆನ್ನಿಗೆ 20 ಕಿ.ಮೀ. ವೇಗದ ಗಾಳಿ ಬೀಸುತ್ತಿದ್ದರೆ ಅವನ ಮೈಗೆ ತಾಗುವ ಗಾಳಿ ಬರೀ 5 ಕಿ.ಮೀ. ವೇಗದ್ದು, ಅಂದರೆ ಗಾಳಿಯೇ ಇಲ್ಲ. ಜರ್ಕಿನ್ನಿನೊಳಗೆ ಹುಡುಗ ಇಡ್ಲಿ ಪಾತ್ರೆಯ ಇಡ್ಲಿಯಾಗುತ್ತಾನೆ. ಬೆಟ್ಟ ಹತ್ತುವಷ್ಟರಲ್ಲಿ ಬನಿಯನ್ ಹಿಂಡಿದರೆ ನೀರು ಸುರಿಯುವಂತಿರುತ್ತದೆ. ಸೆಕೆ ತಾಳಲಾರದೆ ಜರ್ಕಿನ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳುತ್ತಾನೆ.

ಹಿಂತಿರುಗುವಾಗ ಅದೇ ಗಾಳಿ ಎದುರು ಮಗ್ಗುಲಿನಿಂದ ರಾಚುತ್ತದೆ. ಕಷ್ಟಪಟ್ಟು 18 ಕಿ.ಮೀ. ವೇಗದಲ್ಲಿ ತುಳಿದರೂ ಒದ್ದೆ ಎದೆಗೆ ತಾಗುವುದು 35 ಕಿ.ಮೀ.ಗೂ ಹೆಚ್ಚು ವೇಗದ ಗಾಳಿ. ಹಲ್ಲು ಕಟಕಟ ಎನ್ನುತ್ತದೆ. ಮತ್ತೆ ಜರ್ಕಿನ್ ತೊಟ್ಟರೆ ಒದ್ದೆ ಬನಿಯನ್ನಿನ ಮೇಲೆ ತಣ್ಣನೆಯ ಪ್ಲಾಸ್ಟಿಕ್ ಅಂಟಿದ ಹಾಗೆ. ಮನೆಯ ಜಗುಲಿಗೆ ಬಂದು ಅದನ್ನು ಬಿಚ್ಚಿದಾಗ ಅಲ್ಲೇ ಕೂತಿದ್ದ ತಾತ ಕೇಳುತ್ತಾರೆ:

“ಏನ್ಲಾ, ಮಳೆ ಒಳಿಕ್ಕೆ ಬಂದ್ಬುಡ್ತಾ?”

“ಇಲ್ಲ ತಾತ, ಒಂದ್ ಹನೀನೂ ಬಂದಿಲ್ಲ. ಇದು ಬೆವ್ರು.”

“ಅಲ್ಲ ಕಣ್ಲಾ ಮಗಾ, ನೆನೀಬಾರ್ದು ಅಂತ ಅಷ್ಟು ದುಡ್ ಕೊಟ್ಟು, ನೆಂದ್ಕಂಡೇ ಬಂದಿದ್ದೀಯಲ್ಲ. ಮಳೇಲೇ ನೆಂದಿದ್ರೆ ಬಿಟ್ಟಿ ಆಗ್ತಿತ್ತು!”

ತಾತನ ಮಾತು ತಮಾಷೆಯದಾದರೂ ಅದರಲ್ಲಿ ಭೌತಶಾಸ್ತ್ರದ ಒಂದು ಪಾಠವೇ ಇದೆ. ಸೈಕಲ್ ಸವಾರನಿಗೆ ಮಳೆ ಎರಡು ಕಡೆಯಿಂದ ಬರುತ್ತದೆ: ಒಂದು ಹೊರಗಿನಿಂದ, ಇನ್ನೊಂದು ಒಳಗಿನಿಂದ.

ತೂಬಿಲ್ಲದ ಕಟ್ಟೆ

ಸಮತಟ್ಟಾದ ರಸ್ತೆಯಲ್ಲಿ ಚುರುಕಾಗಿ ಹೋಗುವ ಸವಾರ ಪೆಡಲಿಗೆ ಕೊಡುವ ಶಕ್ತಿ ಸುಮಾರು 150 ವ್ಯಾಟ್ ಎಂದಿಟ್ಟುಕೊಳ್ಳಬಹುದು. ಮನುಷ್ಯನ ಸ್ನಾಯುಗಳು ಉಂಡ ಅನ್ನದ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗವನ್ನು ಕೆಲಸವಾಗಿ ಮಾರ್ಪಡಿಸಬಲ್ಲವು. ಉಳಿದ ಮುಕ್ಕಾಲು ಭಾಗ ಬಿಸಿಯಾಗಿ ಮೈಯಲ್ಲೇ ಉಳಿಯುತ್ತದೆ. 150 ವ್ಯಾಟ್ ಕೆಲಸದ ಹಿಂದೆ ಕಡಿಮೆಯೆಂದರೂ 450 ವ್ಯಾಟ್ ಬಿಸಿ ಇದೆ ಎಂದಾಯಿತು. ಮನೆಯ 750 ವ್ಯಾಟಿನ ಇಸ್ತ್ರಿಪೆಟ್ಟಿಗೆಯ ಅರ್ಧಕ್ಕಿಂತ ಹೆಚ್ಚು! ಈ ಬಿಸಿ ಹೊರಗೆ ಹೋಗಲೇಬೇಕು. ಗಾಳಿ ಮೈಗೆ ತಾಗುತ್ತಿದ್ದರೆ ಬಹುಪಾಲು ಅದೇ ಹೊತ್ತೊಯ್ಯುತ್ತದೆ. ಮೈ ಮುಚ್ಚಿದರೆ ಆ ಕೆಲಸವೆಲ್ಲ ಬೆವರಿನ ಪಾಲಿಗೆ. ಒಂದು ಲೀಟರ್ ಬೆವರು ಆವಿಯಾಗಲು ಸುಮಾರು 580 ಕಿಲೊಕ್ಯಾಲರಿ ಬಿಸಿ ಬೇಕು. ಆ ಲೆಕ್ಕದಲ್ಲಿ 450 ವ್ಯಾಟ್ ಬಿಸಿಯನ್ನು ಬೆವರೊಂದೇ ಕಳೆಯಬೇಕಾದರೆ ಗಂಟೆಗೆ 650 ಗ್ರಾಂನಷ್ಟು ಬೆವರು ಆವಿಯಾಗಿ ಹೋಗಬೇಕು.

ಈಗ ಜರ್ಕಿನ್ನಿನ ಚೀಟಿ ನೋಡಬೇಕು. ಅದರಲ್ಲಿ ಎರಡು ಅಂಕಿಗಳಿರುತ್ತವೆ. ಮೊದಲನೆಯದು ನೀರು ತಡೆಯುವ ಶಕ್ತಿ, ಮಿಲಿಮೀಟರ್ ಲೆಕ್ಕದಲ್ಲಿ. 10,000 ಎಂದಿದ್ದರೆ ಆ ಬಟ್ಟೆಯ ಮೇಲೆ 10 ಮೀಟರ್ ಎತ್ತರದ ನೀರಿನ ಕಂಬ ನಿಲ್ಲಿಸಿದರೂ ನೀರು ಒಸರದು ಎಂದರ್ಥ. ಕನ್ನಂಬಾಡಿ ಕಟ್ಟೆಯ ಪೂರ್ಣ ಮಟ್ಟ 124.80 ಅಡಿ, ಅದರ ಕಾಲುಭಾಗದಷ್ಟು ಎತ್ತರದ ನೀರನ್ನು ಈ ತೆಳು ಬಟ್ಟೆ ತಡೆದು ನಿಲ್ಲಿಸೀತು. ತಡೆಯುವುದರಲ್ಲಿ ಕೊರತೆಯೇನೂ ಇಲ್ಲ.

ಕೊರತೆ ಇರುವುದು ಎರಡನೆಯ ಅಂಕಿಯಲ್ಲಿ. ಒಂದು ಚದರ ಮೀಟರ್ ಬಟ್ಟೆಯ ಮೂಲಕ 24 ಗಂಟೆಯಲ್ಲಿ ಎಷ್ಟು ಗ್ರಾಂ ಆವಿ ಹೊರಹೋಗುತ್ತದೆ ಎಂಬ ಲೆಕ್ಕ ಅದು. ಅದೂ 10,000 ಎಂದಿದ್ದರೆ ಗಂಟೆಗೆ ಸುಮಾರು 400 ಗ್ರಾಂ ಆಯಿತು. ಜರ್ಕಿನ್ನಿನ ಬಟ್ಟೆ ಹೆಚ್ಚುಕಡಿಮೆ ಒಂದು ಚದರ ಮೀಟರ್ ಎಂದುಕೊಂಡರೂ, ಹೋಗಬೇಕಾದದ್ದು 650, ಹೋಗುವುದು 400. ಬೆವರಿನ ಒಂದು ಪಾಲು ಮುಖದಿಂದ, ಕಾಲುಗಳಿಂದ ಹೋಗುವುದು ನಿಜ. ಆದರೆ ಚೀಟಿಯ ಅಂಕಿ ಪ್ರಯೋಗಾಲಯದ್ದು. ಮಳೆಯ ದಿನ ಹೊರಗಿನ ಗಾಳಿಯೇ ತೇವದಿಂದ ತುಂಬಿರುವಾಗ, ಬಟ್ಟೆಯ ಹೊರಮೈ ನೆನೆದು ತೊಪ್ಪೆಯಾಗಿರುವಾಗ, ಆವಿ ಅಷ್ಟು ಸಲೀಸಾಗಿ ದಾಟುವುದಿಲ್ಲ. ಹಿಂದುಳಿದ ಬೆವರು ಒಳಗೇ ಹನಿಗಟ್ಟುತ್ತದೆ. ಒಳಹರಿವು ಇದ್ದು ತೂಬಿಲ್ಲದ ಕಟ್ಟೆಯ ಹಾಗೆ.

ಕೊಪ್ಪೆಯಿಂದ ಟೆಫ್ಲಾನ್‌ವರೆಗೆ

ಇದು ಹೊಸ ತೊಡಕಲ್ಲ. ಗ್ಲಾಸ್ಗೊದ ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಮ್ಯಾಕಿಂಟಾಷ್ ಎರಡು ಬಟ್ಟೆಗಳ ನಡುವೆ ರಬ್ಬರ್ ಹಚ್ಚಿ ನೀರು ತಡೆಯುವ ಬಟ್ಟೆ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1823ರಲ್ಲಿ. ಮಳೆ ನಿಂತಿತು, ಬೆವರು ನಿಲ್ಲಲಿಲ್ಲ. ಆಮೇಲೆ ಸುಮಾರು ಒಂದೂವರೆ ಶತಮಾನ ಕಳೆದು, 1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಬಿಸಿಮಾಡಿ ಫಕ್ಕನೆ ಎಳೆದಾಗ ಅದು ಕಣ್ಣಿಗೆ ಕಾಣದ ರಂಧ್ರಗಳುಳ್ಳ ಪೊರೆಯಾಗಿ ಹಿಗ್ಗುವುದನ್ನು ಕಂಡುಕೊಂಡ. ಅಂಟದ ದೋಸೆ ಹೆಂಚಿಗೆ ಬಳಿಯುವುದು ಇದೇ ವಸ್ತುವನ್ನು. ನೀರಿನ ಹನಿ ನುಸುಳಲಾರದಷ್ಟು ಸಣ್ಣ, ಆವಿ ದಾಟುವಷ್ಟು ದೊಡ್ಡ ರಂಧ್ರಗಳವು. 1970ರ ದಶಕದಲ್ಲಿ ಗೋರ್‌ಟೆಕ್ಸ್ ಎಂಬ ಹೆಸರಿನಿಂದ ಆ ಪೊರೆ ಮಾರುಕಟ್ಟೆಗೆ ಬಂತು. ಇಂದಿನ ‘ಉಸಿರಾಡುವ’ ಜರ್ಕಿನ್ನುಗಳೆಲ್ಲ ಈ ಅಥವಾ ಇಂಥದೇ ಪೊರೆಯ ಮಕ್ಕಳು. ಉಸಿರಾಡುತ್ತವೆ, ಸುಳ್ಳಲ್ಲ. ಆದರೆ ಬೆಟ್ಟ ಹತ್ತುವವನ ಏದುಸಿರಿಗೆ ಸಾಲುವಷ್ಟಲ್ಲ.

ತಾತನ ತಲೆಮಾರಿನವರು ಈ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಂಡಿದ್ದರು. ಕಂಬಳಿಯ ಎರಡು ಮೂಲೆಗಳನ್ನು ಸೇರಿಸಿ ಕೊಪ್ಪೆ ಮಾಡಿ ತಲೆಗೇರಿಸಿದರೆ ಬೆನ್ನಿಗೆ ಮಳೆಯಿಲ್ಲ. ಮುಂದೆ, ಕೆಳಗೆ ಎಲ್ಲ ತೆರವು. ಗಾಳಿ ಬಂದು ಹೋಗುತ್ತದೆ, ಬೆವರು ಆರುತ್ತದೆ. ನೇಯುವಾಗ ಹಾಸಿನ ನೂಲಿಗೆ ಹಾಕಿದ ಹುಣಸೆ ಬೀಜದ ಗಂಜಿ ಕಂಬಳಿಗೆ ಬಿಗುಪು ಕೊಟ್ಟು ಮಳೆ ಬೇಗನೆ ಇಳಿಯದಂತೆ ನೋಡಿಕೊಳ್ಳುತ್ತದೆ. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಮೈಗೆ ಒದ್ದೆ ಎನ್ನಿಸುವುದಿಲ್ಲ. ಮುಂದೆ ಗೊಬ್ಬರದ ಚೀಲದ ಕೊಪ್ಪೆ ಬಂತು. ನಾಟಿ ಹಾಕುವ ಹೆಂಗಸರ ಬಾಗಿದ ಬೆನ್ನಿಗೆ ಅದಕ್ಕಿಂತ ಹಗುರದ, ಅಗ್ಗದ ರಕ್ಷೆ ಇನ್ನೊಂದಿಲ್ಲ. ಅದೂ ಉಸಿರಾಡುವ ಬಟ್ಟೆಯಲ್ಲ, ಅಪ್ಪಟ ಪ್ಲಾಸ್ಟಿಕ್. ಉಸಿರಾಡುವುದು ಅದರ ತೆರೆದ ಬಾಯಿ.

ಸೈಕಲ್ಲಿನ ಮೇಲೆ ಕೊಪ್ಪೆ ನಿಲ್ಲುವುದಿಲ್ಲ. ಗಾಳಿ ಹೊಕ್ಕರೆ ಹಾಯಿಯಂತೆ ಉಬ್ಬುತ್ತದೆ. ಆದರೆ ಅದರ ಪಾಠ ನಿಲ್ಲುತ್ತದೆ. ತಡೆದಷ್ಟೇ ಬಿಡುವುದೂ ಮುಖ್ಯ.

ಒದ್ದೆಗಿಂತ ಚಳಿ ಕೆಟ್ಟದ್ದು

ನೆನೆಯುವುದರಿಂದ ಆಗುವ ತೊಂದರೆಯನ್ನೇ ಬಿಡಿಸಿ ನೋಡಿದರೆ, ಮನುಷ್ಯನನ್ನು ಕಂಗೆಡಿಸುವುದು ನೀರಿಗಿಂತ ಹೆಚ್ಚಾಗಿ ನೀರಿನ ಮೇಲೆ ಬೀಸುವ ಗಾಳಿ. ಮೈಗೆ ಅಂಟಿಕೊಂಡಂತೆ ಬೆಚ್ಚನೆಯ ಗಾಳಿಯ ತೆಳುವಾದ ಪದರ ಯಾವಾಗಲೂ ಇರುತ್ತದೆ. ಬೀಸುಗಾಳಿ ಅದನ್ನು ಕಿತ್ತೊಯ್ಯುತ್ತದೆ. ಬಟ್ಟೆ ಒದ್ದೆಯಿದ್ದರೆ ಅದು ಎರಡರಷ್ಟು ಕಷ್ಟ. ನೀರು ಗಾಳಿಗಿಂತ ಸುಮಾರು 25 ಪಟ್ಟು ಸಲೀಸಾಗಿ ಬಿಸಿಯನ್ನು ದಾಟಿಸುತ್ತದೆ. ಗಾಳಿಯನ್ನು ತಡೆಯುವ ಒಂದು ತೆಳು ಪದರ ಎದೆಯ ಮೇಲಿದ್ದರೆ ಒಳಗಿನ ಒದ್ದೆ ಬನಿಯನ್ ಕೂಡ ಸ್ವಲ್ಪ ಹೊತ್ತಿನಲ್ಲಿ ಮೈಬಿಸಿಗೆ ಬೆಚ್ಚಗಾಗುತ್ತದೆ.

ಇದನ್ನು ಯುರೋಪಿನ ರೇಸಿನವರು ಬಹಳ ಹಿಂದೆಯೇ ಅರಿತಿದ್ದರು. 1903ರಲ್ಲಿ ಟೂರ್ ಡಿ ಫ್ರಾನ್ಸ್ ಪಂದ್ಯವನ್ನು ಆರಂಭಿಸಿದ್ದು ಒಂದು ಪತ್ರಿಕೆ. ಅಂಥ ಪಂದ್ಯಗಳಲ್ಲಿ ಬೆಟ್ಟದ ತುದಿ ತಲುಪಿದ ಸವಾರರು ದಾರಿಬದಿಯ ಜನರಿಂದ ಪತ್ರಿಕೆಯನ್ನೇ ಇಸಿದುಕೊಂಡು ಅಂಗಿಯೊಳಗೆ ಎದೆಗೆ ತುರುಕಿಕೊಂಡು ಇಳಿಜಾರಿಗೆ ಬೀಳುತ್ತಿದ್ದರು. ಕಾಗದ ಮಳೆಗೆ ಏನೇನೂ ಪ್ರಯೋಜನವಿಲ್ಲ. ಆದರೆ ಗಾಳಿಯನ್ನು ತಡೆಯುತ್ತದೆ, ಅಷ್ಟು ಸಾಕಿತ್ತು. ಜರ್ಕಿನ್ನಿಲ್ಲದೆ ಡಿಸೆಂಬರಿನ ಬೆಳಗಿನಲ್ಲಿ ಚಾಮುಂಡಿ ಬೆಟ್ಟ ಇಳಿಯುವವರು ಈಗಲೂ ಈ ಉಪಾಯ ಮಾಡಿ ನೋಡಬಹುದು.

ಅಷ್ಟು ಸಾಲದ ದಿನಗಳೂ ಉಂಟು. 1988ರ ಜೂನ್ 5ರಂದು ಇಟಲಿಯ ಪ್ರಸಿದ್ಧ ‘ಜಿರೊ’ ಪಂದ್ಯ 2,600 ಮೀಟರಿಗೂ ಎತ್ತರದ ಗಾವಿಯಾ ಕಣಿವೆದಾರಿಯನ್ನು ಹಾಯುವಾಗ ಮಳೆ ಹಿಮವಾಗಿ ಸುರಿಯಿತು. ಹಾಲೆಂಡಿನ ಯೋಹಾನ್ ವಾನ್ ಡರ್ ವೆಲ್ಡೆ ಗಿಡ್ಡ ತೋಳಿನ ಅಂಗಿಯಲ್ಲೇ ಎಲ್ಲರಿಗಿಂತ ಮೊದಲು ತುದಿ ಮುಟ್ಟಿದ. ಹತ್ತುವಾಗ ಅವನ ಮೈ ಒಲೆಯಾಗಿತ್ತು. ಇಳಿಯುವಾಗ ಪೆಡಲ್ ತುಳಿಯುವ ಕೆಲಸವಿಲ್ಲ, ಒಲೆ ಆರಿತು. ಚಳಿಗೆ ಮುಂದೆ ಸಾಗಲಾರದೆ ದಾರಿಯಲ್ಲಿ ವಾಹನವೊಂದರಲ್ಲಿ ಆಸರೆ ಪಡೆದು ಮೈ ಕಾಯಿಸಿಕೊಂಡು ಹೊರಟವನು ಗುರಿ ತಲುಪಿದಾಗ ಮುಕ್ಕಾಲು ಗಂಟೆಗೂ ಹೆಚ್ಚು ಹಿಂದೆ ಬಿದ್ದಿದ್ದ. ಅಮೆರಿಕದ ಆಂಡಿ ಹ್ಯಾಂಪ್‌ಸ್ಟನ್ ದಪ್ಪ ಕೈಗವಸು, ಉಣ್ಣೆಯ ಟೋಪಿ, ಮಳೆ ಅಂಗಿಗಳ ಸಿದ್ಧತೆಯೊಡನೆ ಬಂದಿದ್ದ. ಅಂದು ಎರಡನೆಯವನಾಗಿ ಗುರಿ ಮುಟ್ಟಿ, ಒಟ್ಟು ಪಂದ್ಯದ ಮುಂದಾಳಿನ ಗುಲಾಬಿ ಅಂಗಿ ತೊಟ್ಟ. ಕೊನೆಗೆ ಪಂದ್ಯವನ್ನೂ ಗೆದ್ದ.

ಗಾವಿಯಾ ದೂರದ ಮಾತಾದರೂ ಊಟಿ ದೂರವಲ್ಲ. ಮೈಸೂರಿಗಿಂತ ಸುಮಾರು ಒಂದೂವರೆ ಸಾವಿರ ಮೀಟರ್ ಎತ್ತರದಲ್ಲಿರುವ ಅಲ್ಲಿನ ಗಾಳಿ ಒಂಬತ್ತು–ಹತ್ತು ಡಿಗ್ರಿಯಷ್ಟು ತಣ್ಣಗಿರುತ್ತದೆ. 2008ರಲ್ಲಿ ಮೊದಲುಗೊಂಡ ‘ಟೂರ್ ಆಫ್ ನೀಲಗಿರೀಸ್’ ಸೈಕಲ್ ಯಾತ್ರೆ ಈ ಕಡೆಯ ಬಹಳಷ್ಟು ಸವಾರರಿಗೆ ಆ ಬೆಟ್ಟಗಳ ರುಚಿ ಹತ್ತಿಸಿದೆ. ಊಟಿಯಿಂದ ಗೂಡಲೂರಿನ ಕಡೆಗೆ ಮಳೆಯಲ್ಲಿ ನೆನೆದು ಇಳಿಯುವವನ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲಾಗದಿದ್ದರೆ ಆಗುವ ಅನಾಹುತವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ವಾಟರ್‌ಪ್ರೂಫ್ ಜರ್ಕಿನ್ ಶೋಕಿಯಲ್ಲ, ಪ್ರಾಣದ ಪ್ರಶ್ನೆ.

ಮಳೆ ನಕ್ಷತ್ರ ನೋಡಿ ಜರ್ಕಿನ್

ಆದ್ದರಿಂದ ಯಾವ ಜರ್ಕಿನ್ ಒಳ್ಳೆಯದು ಎಂಬ ಪ್ರಶ್ನೆಗಿಂತ ಯಾವ ಊರಿನಲ್ಲಿ, ಯಾವ ಮಳೆಗೆ ಎಂಬ ಪ್ರಶ್ನೆ ಮೇಲು. ಮಂಡ್ಯ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 700 ಮಿ.ಮೀ. ಆಸುಪಾಸು. ಮಡಿಕೇರಿಯಲ್ಲಿ 3,000 ಮಿ.ಮೀ. ದಾಟುತ್ತದೆ. ಎರಡಕ್ಕೂ ಒಂದೇ ಬಟ್ಟೆ ಎಂದರೆ ರಾಗಿಗೂ ಭತ್ತಕ್ಕೂ ಒಂದೇ ನೀರು ಎಂದ ಹಾಗೆ. ರೈತರು ಮಳೆಯನ್ನು ನಕ್ಷತ್ರದ ಹೆಸರಿನಿಂದ ಗುರುತಿಸುತ್ತಾರೆ. ಸವಾರನಿಗೂ ಅದು ಒಳ್ಳೆಯ ಪಂಚಾಂಗ.

ಆರಿದ್ರೆ, ಪುನರ್ವಸು, ಪುಷ್ಯ ಮಳೆಗಳ ಜೂನ್–ಜುಲೈ ಈ ನಾಲ್ಕೈದು ತಾಲ್ಲೂಕುಗಳಲ್ಲಿ ಗಾಳಿಯ ಕಾಲ. ತುಂತುರು ಬಂದು ಹೋಗುತ್ತದೆ. ನೀರಿನ ಹನಿ ಜಾರುವಂತೆ ಲೇಪ ಕೊಟ್ಟ ವಿಂಡ್‌ಚೀಟರ್ ಇದಕ್ಕೆ ಸಾಕು. ಅದನ್ನು ಮನೆಯಿಂದಲೇ ತೊಟ್ಟು ಹೊರಡಬೇಕೆಂದೂ ಇಲ್ಲ. ಗಾಳಿ ಬೆನ್ನಿಗಿರುವಾಗ ಜೇಬಿನಲ್ಲಿರಲಿ. ತಿರುಗಿ ಗಾಳಿಗೆ ಎದೆ ಕೊಡುವ ಮುಂಚೆ ತೊಟ್ಟರಾಯಿತು.

ಭರಣಿ, ಕೃತ್ತಿಕೆಯ ಮೇ ತಿಂಗಳು ಮತ್ತು ಉತ್ತರೆ, ಹಸ್ತ, ಚಿತ್ತೆಯ ಸೆಪ್ಟೆಂಬರ್–ಅಕ್ಟೋಬರ್ ಬೇರೆಯೇ. ಜಿಲ್ಲೆಯ ದೊಡ್ಡ ಮಳೆಗಳು ಬರುವುದು ಆಗಲೇ. ಮಧ್ಯಾಹ್ನದ ಮೇಲೆ ಗುಡುಗಿ, ಸಂಜೆ ಕೊಡದಲ್ಲಿ ಸುರಿದಂತೆ ಸುರಿದು, ತಾಸೊಪ್ಪತ್ತಿನಲ್ಲಿ ಬಿಡುತ್ತವೆ. ಅಂಥ ರಭಸಕ್ಕೆ ವಿಂಡ್‌ಚೀಟರ್ ನಿಲ್ಲದು. ಆದರೆ ಈ ಮಳೆ ಬೆಚ್ಚನೆಯದು. ನೆನೆದವನು ಗಾಳಿಗೆ ಒಂದು ಪದರ ತೊಟ್ಟು ಮನೆ ಮುಟ್ಟಿದರೆ ನೆಗಡಿಯೂ ಬರಲಿಕ್ಕಿಲ್ಲ. ಗುಡುಗು ಕೇಳಿದರೆ ಮಾತ್ರ ಯಾವ ಜರ್ಕಿನ್ನೂ ಕಾಯುವುದಿಲ್ಲ. ಬಯಲಿನ ರಸ್ತೆಯಲ್ಲಿ ಸೈಕಲ್ ತುಳಿಯುವುದೂ ಒಂಟಿ ಮರದಡಿ ನಿಲ್ಲುವುದೂ ಸಲ್ಲದು. ಗೋಡೆ, ಸೂರು ಎರಡೂ ಇರುವ ಕಟ್ಟಡದೊಳಗೆ ಸೇರಿ ಗುಡುಗು ನಿಂತ ಮೇಲೆ ಅರ್ಧ ಗಂಟೆ ಕಾಯುವುದು ಲೇಸು.

ವಾಟರ್‌ಪ್ರೂಫ್ ಬೇಕಾಗುವುದು ಮೂರು ಕಡೆ. ಕೊಡಗು, ಮಲೆನಾಡುಗಳ ದಿನವಿಡೀ ಬಿಡದ ಜಡಿಮಳೆಗೆ. ಊಟಿಯಂಥ ತಣ್ಣನೆಯ ಎತ್ತರಗಳಿಗೆ. ರಾತ್ರಿಯಿಡೀ ಸಾಗುವ ಬ್ರೆವೆ ಸವಾರಿಗಳಿಗೆ. 200 ಕಿ.ಮೀ.ಯನ್ನು ಹದಿಮೂರೂವರೆ ಗಂಟೆಯಲ್ಲಿ, 600 ಕಿ.ಮೀ.ಯನ್ನು 40 ಗಂಟೆಯಲ್ಲಿ ಮುಗಿಸಬೇಕಾದ ಈ ಸವಾರಿಗಳಲ್ಲಿ ಎರಡನೆಯ ರಾತ್ರಿಯ ಬೆಳಗಿನ ಜಾವ ಸವಾರನ ಕಾಲು ಸೋತಿರುತ್ತದೆ. ಕಾಲು ಸೋತರೆ ಒಳಗಿನ ಒಲೆಯೂ ಸೋಲುತ್ತದೆ. ನಡು ಹಗಲಿನಲ್ಲಿ ಹಿತವೆನಿಸಿದ ಅದೇ ಮಳೆ ಆಗ ಅಪಾಯ.

ನಿಧಾನವಾಗಿ ತುಳಿಯುವವರ ಲೆಕ್ಕವೂ ಬೇರೆ. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಮೊದಲುಮಾಡಿದ ಮೇಲೆ ಹಳ್ಳಿಯಿಂದ ಹೈಸ್ಕೂಲಿಗೆ ಸೈಕಲ್ಲಿನಲ್ಲಿ ಹೋದ ಹುಡುಗಿಯರೆಷ್ಟೋ. ಹಾಲು ಹಾಕುವವರು, ಪಾಳಿಗೆ ಹೋಗುವವರು ಇದ್ದೇ ಇದ್ದಾರೆ. ಅವರು 50 ವ್ಯಾಟಿನಲ್ಲಿ ಸಾಗಿದರೆ ಮೈಯಲ್ಲಿ ಹುಟ್ಟುವ ಬಿಸಿಯೂ ಮೂರರಲ್ಲೊಂದು. ಅವರಿಗೆ ಕೆಳಗೆ ತೆರೆದ ಸಾದಾ ರೇನ್‌ಕೋಟೇ ಸಾಕು. ಅಂಚು ಚಕ್ರಕ್ಕೆ ಸಿಕ್ಕಿಕೊಳ್ಳದಂತೆ ನೋಡಿಕೊಂಡರಾಯಿತು.

ಅಂಗಡಿಯಲ್ಲಿ ನೋಡಬೇಕಾದ್ದು

ಗಾಳಿ ತಡೆಯುವ ಬಟ್ಟೆಯನ್ನು ಪರೀಕ್ಷಿಸಲು ಯಂತ್ರ ಬೇಡ. ಬಟ್ಟೆಯನ್ನು ತುಟಿಗೆ ಒತ್ತಿ ಜೋರಾಗಿ ಊದಬೇಕು. ಆ ಕಡೆ ಹಿಡಿದ ಅಂಗೈಗೆ ಉಸಿರು ತಾಗಿದರೆ ಅದು ಹೆಸರಿಗಷ್ಟೇ ವಿಂಡ್‌ಚೀಟರ್. ಬೆನ್ನಿಗೆ ಜಾಲರಿ ಬಟ್ಟೆ ಇದ್ದರೆ ಒಳ್ಳೆಯದು. ಗಾಳಿ ಹೊಡೆಯುವುದು ಎದೆಗೆ, ಬೆವರುವುದು ಬೆನ್ನು.

ವಾಟರ್‌ಪ್ರೂಫ್ ಆದರೆ ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡಬೇಕು. ಹೊಲಿಗೆಯ ಮೇಲೆಲ್ಲ ಪಟ್ಟಿ ಅಂಟಿಸಿರದಿದ್ದರೆ ಬಟ್ಟೆ ಎಷ್ಟೇ ಒಳ್ಳೆಯದಿದ್ದರೂ ಸೂಜಿಯ ತೂತಿನಲ್ಲಿ ನೀರು ಇಳಿಯುತ್ತದೆ. ಕಂಕುಳ ಕೆಳಗೆ ಜಿಪ್ ಇದ್ದರೆ ಅದೇ ತೂಬು. ಮುಂದಿನ ಜಿಪ್ ಕೆಳಗಿನಿಂದಲೂ ತೆರೆಯುವಂತಿದ್ದರೆ ಇನ್ನೂ ಮೇಲು. ಎರಡೂ ಬಗೆಯನ್ನು ನೆಟ್ಟಗೆ ನಿಂತು ತೊಟ್ಟು ನೋಡಿದರೆ ಸಾಲದು. ಹ್ಯಾಂಡಲ್ ಹಿಡಿದಂತೆ ಬಾಗಿ, ತೋಳು ಚಾಚಿ ನೋಡಬೇಕು. ಆಗ ಮಣಿಕಟ್ಟು ತೆರೆಯಬಾರದು, ಸೊಂಟದ ಹಿಂಭಾಗ ಕಾಣಬಾರದು. ಸಡಿಲವಾಗಿ ಪಟಪಟ ಬಡಿಯುವ ಜರ್ಕಿನ್ ಎದುರುಗಾಳಿಯಲ್ಲಿ ಕಾಲಿನ ಶಕ್ತಿಯನ್ನೇ ತಿನ್ನುತ್ತದೆ. ಬಣ್ಣ ಕಪ್ಪಾಗಿರದಿರಲಿ, ಮೋಡ ಕವಿದ ರಸ್ತೆಯಲ್ಲಿ ಕಬ್ಬಿನ ಲಾರಿಯ ಚಾಲಕನಿಗೆ ದೂರದಿಂದಲೇ ಕಾಣುವ ಹಳದಿ, ಕಿತ್ತಳೆ ಒಳ್ಳೆಯದು.

ಮನೆಗೆ ತಂದ ಮೇಲೆ ಬಟ್ಟೆ ಮೆದುವಾಗಿಸುವ ದ್ರಾವಣಗಳಲ್ಲಿ ಅದ್ದಬಾರದು. ಹನಿ ಜಾರಿಸುವ ಲೇಪ ಅದರಿಂದ ಹಾಳಾಗುತ್ತದೆ. ಈ ಲೇಪಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಫ್ಲೋರಿನ್ ರಾಸಾಯನಿಕಗಳು ಮಣ್ಣು, ನೀರುಗಳಲ್ಲಿ ಕೊಳೆಯದೆ ಉಳಿಯುತ್ತವೆಂಬ ಕಾರಣಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2025ರ ಜನವರಿಯಿಂದ ಬಟ್ಟೆಗಳಲ್ಲಿ ಅವನ್ನು ನಿರ್ಬಂಧಿಸಿದೆ. ಅವಿಲ್ಲದ ಹೊಸ ಲೇಪಗಳು ಬಂದಿವೆ; ಇವನ್ನು ಕೊಂಚ ಹೆಚ್ಚಾಗಿ ತೊಳೆದು, ಆಗಾಗ ಲೇಪವನ್ನು ಹೊಸದು ಮಾಡಿಕೊಳ್ಳಬೇಕಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಎಲ್ಲರೂ ಮರೆಯುವ ವಸ್ತು ಒಂದಿದೆ, ಮಡ್‌ಗಾರ್ಡ್. ಮಳೆ ನಿಂತ ಮೇಲೂ ಹಿಂದಿನ ಚಕ್ರ ರಸ್ತೆಯ ಕೊಚ್ಚೆಯನ್ನು ಎತ್ತಿ ಬೆನ್ನಿಗೆ ಚಿಮ್ಮುತ್ತಲೇ ಇರುತ್ತದೆ. ತಾತನ ಕಾಲದ ಸೈಕಲ್ಲಿಗೆ ಉಕ್ಕಿನ ಮಡ್‌ಗಾರ್ಡು ತಾನಾಗಿಯೇ ಬರುತ್ತಿತ್ತು. ಇಂದಿನ ರೇಸ್ ಸೈಕಲ್ಲು ತೂಕ ಉಳಿಸಲು ಅದನ್ನು ಕಳಚಿ, ಸವಾರನ ಬೆನ್ನನ್ನೇ ಮಡ್‌ಗಾರ್ಡ್ ಮಾಡಿದೆ. ಕೆಲವೇ ನೂರು ರೂಪಾಯಿಯ ಪ್ಲಾಸ್ಟಿಕ್ ಮಡ್‌ಗಾರ್ಡ್ ಹಾಕಿಸಿದವನಿಗೆ ಎಷ್ಟೋ ಸಲ ಸಾವಿರಾರು ರೂಪಾಯಿಯ ಜರ್ಕಿನ್ನಿನ ಅಗತ್ಯವೇ ಬೀಳುವುದಿಲ್ಲ.

ಕಲ್ಪನೆಯ ಆ ಹುಡುಗ ಮುಂದಿನ ಆಷಾಢಕ್ಕೆ ಮಾಡಬೇಕಾದದ್ದು ಇಷ್ಟೇ. ಬೆನ್ನ ಜೇಬಿನಲ್ಲಿ ಒಂದು ಹಳದಿ ವಿಂಡ್‌ಚೀಟರ್, ಹಿಂದಿನ ಚಕ್ರಕ್ಕೆ ಒಂದು ಮಡ್‌ಗಾರ್ಡ್. ದುಬಾರಿ ಜರ್ಕಿನ್ ಮಡಿಕೇರಿಗೋ ಊಟಿಗೋ ಹೊರಟಾಗ ಗೂಟದಿಂದ ಇಳಿಯಲಿ. ಅಲ್ಲಿಯವರೆಗೆ ಅದು ದಂಡವೇನೂ ಅಲ್ಲ. ರಾತ್ರಿ ಸರದಿಯಲ್ಲಿ ಕಬ್ಬಿಗೆ ನೀರು ಕಟ್ಟಲು ಹೋದ ತಾತ ಹಸ್ತ ಮಳೆಯಲ್ಲಿ ಬದುವಿನ ಮೇಲೆ ಅದನ್ನೇ ತೊಟ್ಟು ಕುಳಿತರೆ, ಬೆಳಗ್ಗೆ ಒಣಗಿದ ಬನಿಯನ್ನಿನಲ್ಲಿ ಮನೆಗೆ ಬರುತ್ತಾರೆ.

“ಈಗ ಏನಂತೀಯ ತಾತ?” ಎಂದು ಹುಡುಗ ಕೇಳಿದರೆ ಅವರ ಉತ್ತರ ಸಿದ್ಧವಾಗಿರುತ್ತದೆ:

“ಚೆಂದಾಗದೆ ಕಣ್ಲಾ. ಸುಮ್ಕೆ ಕೂತ್ಕಳೋರ್ಗೆ ಇದೇ ಸರಿ.”